ಡಿಜೈರೋ ಅಮೇಜೋ? ಮೊದಲು ಅಮ್ಮನನ್ನು ಕೂರಿಸಿ ನೋಡಿ

ಪ್ರಶ್ನೆ: ನಾನು ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು. ಮನೆಯಲ್ಲಿ ನಾನು, ಹೆಂಡತಿ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು, ಮಂಡಿನೋವಿರುವ ಅಮ್ಮ. ಈಗಿರುವುದು ಹನ್ನೆರಡು ವರ್ಷದ ಹಳೇ ಸಣ್ಣ ಕಾರು. ತಿಂಗಳಿಗೆ 700 ಕಿ.ಮೀ. ಓಡಾಟ ಆಗಬಹುದು. ಹೆಂಡತಿಯ ತವರು ಪುತ್ತೂರು, ತಿಂಗಳಿಗೊಮ್ಮೆ ಎಲ್ಲರೂ ಶಿರಾಡಿ ಘಾಟಿ ಇಳಿದು ಹೋಗಿಬರುತ್ತೇವೆ. ಆಕೆಗೆ ಲೈಸೆನ್ಸ್ ಇದೆ, ಕ್ಲಚ್ ಭಯಕ್ಕೆ ಕಾರು ಮುಟ್ಟುವುದಿಲ್ಲ. ಆನ್ ರೋಡ್ 11 ಲಕ್ಷದೊಳಗೆ ಮಾರುತಿ ಡಿಜೈರ್ ಅಥವಾ ಹೋಂಡಾ ಅಮೇಜ್ ತೆಗೆದುಕೊಳ್ಳಬೇಕು ಅಂತಿದ್ದೇನೆ. ಮೈಲೇಜ್ ನೋಡಿದರೆ ಡಿಜೈರ್, ಆದರೆ ಅದನ್ನು ತಗೊಂಡರೆ ಟ್ಯಾಕ್ಸಿ ಅಂದುಕೊಳ್ಳುತ್ತಾರೆ ಅಂತ ಗೆಳೆಯರು ಹೇಳುತ್ತಾರೆ. ಎರಡು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೇನೆ. ಯಾವುದು ಒಳ್ಳೆಯದು?

ಉತ್ತರ:

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು, ಯಾಕಂದ್ರೆ ಮನೆಯಲ್ಲಿ ಯಾರ್ಯಾರಿದ್ದಾರೆ, ಎಲ್ಲಿಗೆ ಹೋಗುತ್ತೀರಿ, ಎಷ್ಟು ಓಡಿಸುತ್ತೀರಿ ಎಲ್ಲ ಬರೆದಿದ್ದೀರಿ. ಹೆಚ್ಚಿನವರು ಬರೀ "ಇದಾ ಅದಾ" ಅಂತ ಕೇಳಿ ಬಿಡುತ್ತಾರೆ. ಅದಕ್ಕೆ ಉತ್ತರವೇ ಇಲ್ಲ. ಎರಡೂ ಒಳ್ಳೆಯ ಕಾರುಗಳು. ಒಂದು ಮನೆಗೆ ಸರಿಹೊಂದಿದ್ದು ಪಕ್ಕದ ಮನೆಗೆ ಹೊಂದುವುದಿಲ್ಲ ಅಷ್ಟೇ.

ನಿಮ್ಮ ವಿಷಯದಲ್ಲಿ ಎರಡೇ ಎರಡು ಮಾತು ಮುಖ್ಯ. ಒಂದು ಅಮ್ಮನ ಮಂಡಿ. ಇನ್ನೊಂದು ನಿಮ್ಮ ಮನೆಯವರ ಎಡಗಾಲು, ಅಂದರೆ ಕ್ಲಚ್. ಮೈಲೇಜು, ಸನ್‌ರೂಫು, ಟ್ಯಾಕ್ಸಿ ಅನ್ನೋ ಮಾತು ಎಲ್ಲ ಆಮೇಲೆ.

ಅಮ್ಮನಿಂದಲೇ ಶುರು ಮಾಡೋಣ. ಇವೆರಡೂ ಸೆಡಾನ್, ಅಂದರೆ ಹಿಂದೆ ಬೇರೆಯೇ ಡಿಕ್ಕಿ ಇರುವ ಕಾರು. ಇವುಗಳಲ್ಲಿ ಸೀಟು ಸ್ವಲ್ಪ ಕೆಳಗೇ ಇರುತ್ತದೆ, ಹಿಂದೆ ಚಾವಣಿ ಇಳಿಜಾರಾಗಿ ಬರುತ್ತದೆ. ಮಂಡಿ ಗಟ್ಟಿ ಇರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಮಂಡಿನೋವಿರುವವರಿಗೆ ಕಾರಿನಲ್ಲಿ ಕೂರುವುದಕ್ಕಿಂತ ಕಾರಿನಿಂದ ಏಳುವುದೇ ಕಷ್ಟ. ನನ್ನ ಅಮ್ಮನನ್ನು ನೋಡಿಯೇ ನಾನು ಇದನ್ನು ಕಲಿತೆ. ಅವರು ಮೊದಲು ಬಾಗಿಲು ಪೂರ್ತಿ ತೆರೆಸುತ್ತಾರೆ. ಕಾರಿಗೆ ಬೆನ್ನು ಹಾಕಿ ನಿಂತು, ಎಡಗೈಯಲ್ಲಿ ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು, ಬಲಗೈಯಲ್ಲಿ ಬಾಗಿಲ ಮೇಲಂಚು ಹಿಡಿದು, ತಲೆ ಬಗ್ಗಿಸಿ ನಿಧಾನಕ್ಕೆ ಕೂರುತ್ತಾರೆ. ಆಮೇಲೆ ಒಂದೊಂದೇ ಕಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಳ್ಳುತ್ತಾರೆ. ಇಳಿಯುವಾಗ ಇದೇ ಉಲ್ಟಾ, ಆದರೆ ಅಲ್ಲಿ ಮೈಭಾರವನ್ನೆಲ್ಲ ಮಂಡಿ ಎತ್ತಬೇಕು. ಸೀಟು ಎರಡು ಇಂಚು ಕೆಳಗಿದ್ದರೂ ಆ ಮುಖದ ಮೇಲೆ ಕಾಣುತ್ತದೆ. ವರ್ಷಗಳ ಹಿಂದೆ ನಾನೇ ಕಾಗದದ ಮೇಲಿನ ಅಂಕಿ ನೋಡಿ ಒಂದು ಕಾರು ತಂದೆ, ಅಮ್ಮನನ್ನು ಶೋರೂಂಗೆ ಕರೆದುಕೊಂಡು ಹೋಗಿರಲಿಲ್ಲ. ಆರು ತಿಂಗಳಲ್ಲಿ ಅವರು "ನೀವು ಹೋಗಿಬನ್ನಿ, ನಾನು ಮನೇಲೇ ಇರ್ತೀನಿ" ಅನ್ನೋಕೆ ಶುರು ಮಾಡಿದರು. ಯಾಕೆ ಅಂತ ಅರ್ಥವಾಗಲು ನನಗೆ ಇನ್ನೂ ಆರು ತಿಂಗಳು ಬೇಕಾಯಿತು.

ಅದಕ್ಕೇ ಹೇಳುತ್ತಿದ್ದೇನೆ, ಬುಕಿಂಗ್ ದುಡ್ಡು ಕಟ್ಟುವ ಮುಂಚೆ ಅಮ್ಮನನ್ನು ಎರಡೂ ಶೋರೂಂಗೆ ಕರೆದುಕೊಂಡು ಹೋಗಿ. ಬೆಳಗ್ಗೆ ಬೇಡ, ಸಂಜೆ ಹೋಗಿ, ಮಂಡಿ ದಣಿದಿರುವ ಹೊತ್ತಿಗೆ. ಒಂದು ಸಲ ಕೂತರೆ ಸಾಲದು. ಮೂರು ಸಲ ಕೂತು ಏಳಲಿ. ಮೂರನೇ ಸಲ ಏಳುವಾಗ ಮುಖ ನೋಡಿ. ಒಂದು ಟೇಪು ಕೂಡ ಜೇಬಿನಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಅಮ್ಮ ಆರಾಮಾಗಿ ಕೂತು ಏಳುವ ಕುರ್ಚಿ ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆದುಕೊಳ್ಳಿ, ಶೋರೂಂನಲ್ಲಿ ಸೀಟಿನ ಎತ್ತರ ಅಳೆಯಿರಿ. ಸೇಲ್ಸ್ ಹುಡುಗರು ವಿಚಿತ್ರವಾಗಿ ನೋಡಬಹುದು, ನೋಡಲಿ. ಹತ್ತು ವರ್ಷ ಕೂರೋದು ನಿಮ್ಮಮ್ಮ.

ಇನ್ನೊಂದು ವಿಷಯ. ಮನೆಯಲ್ಲಿ ದೊಡ್ಡವರು ಅಂದ ತಕ್ಷಣ ನಾವು ಅವರನ್ನು ಹಿಂದಿನ ಸೀಟಿಗೆ ಕಳಿಸುತ್ತೇವೆ. ಮುಂದಿನ ಎಡಸೀಟಿನಲ್ಲಿ ಕೂರಿಸಿಯೂ ನೋಡಿ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದರೆ ಕಾಲು ಆಡಿಸಲು ಜಾಗ ಜಾಸ್ತಿ, ಮೇಲೆ ಚಾವಣಿಯ ಇಳಿಜಾರು ಇಲ್ಲ, ಬೆನ್ನಿನ ಕೋನ ಬದಲಿಸಬಹುದು. ಘಾಟಿಯ ತಿರುವಿನಲ್ಲಿ ವಾಂತಿ ಬರುವ ಅಭ್ಯಾಸ ಇದ್ದರೆ ಅದೂ ಕಡಿಮೆಯಾಗುತ್ತದೆ. ನಿಮ್ಮ ಮನೆಯವರು ಮಕ್ಕಳ ಜೊತೆ ಹಿಂದೆ ಕೂತರೆ ಆರು ವರ್ಷದ ಮಗುವನ್ನು ನೋಡಿಕೊಳ್ಳುವುದೂ ಸುಲಭ. ಆ ಮಗುವಿಗೆ ಬೂಸ್ಟರ್ ಸೀಟು ತೆಗೆದುಕೊಳ್ಳಿ, ಈ ಒಂದು ಖರ್ಚಿನಲ್ಲಿ ಹಿಂದೆಮುಂದೆ ನೋಡಬೇಡಿ. ಮಗುವಿನ ಎತ್ತರಕ್ಕೆ ದೊಡ್ಡವರ ಬೆಲ್ಟು ಭುಜದ ಬದಲು ಕುತ್ತಿಗೆಗೆ ಬರುತ್ತದೆ, ಅದು ಅಪಾಯ. ಟೆಸ್ಟ್ ಡ್ರೈವ್ ದಿನ ಬೂಸ್ಟರ್ ಇಟ್ಟ ಮೇಲೆ ಉಳಿದ ಇಬ್ಬರಿಗೆ ಭುಜ ತಾಗದಷ್ಟು ಜಾಗ ಉಳಿಯುತ್ತಾ ನೋಡಿ. ಎರಡೂ ಕಾರಿನ ಅಗಲ ಹೆಚ್ಚುಕಡಿಮೆ ಒಂದೇ, ಸುಮಾರು 1,735 ಮಿ.ಮೀ. ಆದರೂ ಸೀಟಿನ ಆಕಾರ ಬೇರೆ ಬೇರೆ, ಕೂತೇ ನೋಡಬೇಕು.

ಅಂದಹಾಗೆ ಉದ್ದವೂ ಒಂದೇ, ಎರಡೂ ಸರಿಯಾಗಿ 3,995 ಮಿ.ಮೀ. ಇದು ಕಾಕತಾಳೀಯ ಅಲ್ಲ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಚಿಕ್ಕ ಕಾರುಗಳಿಗೆ ಎಕ್ಸೈಸ್ ಸುಂಕ ಇಳಿಸಿದರು. ಅಂದಿನಿಂದ ನಮ್ಮ ದೇಶದ ಸೆಡಾನ್‌ಗಳ ಹಿಂಭಾಗ ಕುಗ್ಗುತ್ತಾ ಬಂತು. 2008ರಲ್ಲಿ ಬಂದ ಮೊದಲ ಸ್ವಿಫ್ಟ್ ಡಿಜೈರ್ 4,160 ಮಿ.ಮೀ. ಉದ್ದ ಇತ್ತು. 2012ರಲ್ಲಿ ಹಿಂದುಗಡೆ ಮೊಟಕು ಮಾಡಿ 3,995ಕ್ಕೆ ತಂದರು. ಈಗಲೂ ಅದೇ ಗೆರೆ ಇದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಸೆಸ್ ಸೇರಿ 29 ಪರ್ಸೆಂಟ್ ಇದ್ದ ತೆರಿಗೆ 18ಕ್ಕೆ ಇಳಿಯಿತು. ನಿಮ್ಮ ಎರಡೂ ಕಾರು ಈ ಲೆಕ್ಕದೊಳಗೆ ಬರುತ್ತವೆ. ನೀವು ಎರಡು ತಿಂಗಳಿಂದ ಯೋಚನೆ ಮಾಡುತ್ತಿರುವುದರಿಂದ ಒಂದು ಮಾತು, ಅಂತರ್ಜಾಲದಲ್ಲಿ ಸಿಗುವ ಹಳೇ ಬೆಲೆಪಟ್ಟಿಗಳನ್ನು ನಂಬಬೇಡಿ, ಹೊಸ ಕೊಟೇಶನ್ ಕೈಗೆ ತಗೊಳ್ಳಿ.

ಈಗ ಕ್ಲಚ್ಚಿನ ವಿಷಯ. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದ್ರೆ ನಿಮ್ಮ ತೀರ್ಮಾನ ಇಲ್ಲೇ ಆಗಬೇಕು.

ಎರಡರಲ್ಲೂ ಆಟೋಮ್ಯಾಟಿಕ್ ಸಿಗುತ್ತದೆ, ಆದರೆ ಎರಡೂ ಒಂದೇ ಜಾತಿಯವಲ್ಲ. ಡಿಜೈರಿನಲ್ಲಿರುವುದು ಎಎಂಟಿ. ಅಂದರೆ ಒಳಗಿರುವುದು ಅದೇ ಮಾಮೂಲಿ ಐದು ಗೇರಿನ ಗೇರ್‌ಬಾಕ್ಸ್, ಅದೇ ಕ್ಲಚ್. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ನಿಮ್ಮ ಬದಲು ಒಂದು ಯಂತ್ರ ಮಾಡುತ್ತದೆ. ಬೆಲೆ ಕಡಿಮೆ, ಮೈಲೇಜ್ ಒಳ್ಳೆಯದು, ರಿಪೇರಿಯೂ ಸುಲಭ. ಆದರೆ ಪ್ರತಿ ಗೇರ್ ಬದಲಾಗುವಾಗಲೂ ಅರೆಕ್ಷಣ ಎಳೆತ ನಿಂತು ಮತ್ತೆ ಹಿಡಿಯುತ್ತದೆ. ಆಗ ಕೂತವರ ತಲೆ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಊರೊಳಗೆ ನಿಧಾನಕ್ಕೆ ಹೋಗುವಾಗ ಇದು ತೊಂದರೆಯಲ್ಲ, ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ. ಹೊಸ ಎಎಂಟಿಗಳು ಹಳೆಯವಕ್ಕಿಂತ ಎಷ್ಟೋ ಮೇಲು.

ಅಮೇಜಿನಲ್ಲಿರುವುದು ಸಿವಿಟಿ. ಇದರಲ್ಲಿ ಹಲ್ಲಿನ ಗೇರುಗಳ ಬದಲು ಎರಡು ರಾಟೆ, ನಡುವೆ ಒಂದು ಉಕ್ಕಿನ ಬೆಲ್ಟು. ರಾಟೆಗಳು ಹಿಗ್ಗಿ ಕುಗ್ಗಿ ವೇಗ ಬದಲಿಸುತ್ತವೆ. ಗೇರ್ ಬದಲಾಗುವ ಕ್ಷಣವೇ ಇಲ್ಲ, ಹಾಗಾಗಿ ಜಗ್ಗುವುದೂ ಇಲ್ಲ. ಮೊದಲ ಸಲ ಕಲಿಯುವವರಿಗೆ, ಕ್ಲಚ್ ಅಂದರೆ ಹೆದರುವವರಿಗೆ ಇದಕ್ಕಿಂತ ಸುಲಭದ ಗೇರ್‌ಬಾಕ್ಸ್ ಈ ಬೆಲೆಯಲ್ಲಿ ಇಲ್ಲ. ಇದಕ್ಕೂ ಒಂದು ಗುಣ ಇದೆ, ಗೊತ್ತಿರಲಿ. ಏರಿನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಮೊದಲು ಎಂಜಿನ್ ಸದ್ದು ಏರುತ್ತದೆ, ವೇಗ ಆಮೇಲೆ ಬರುತ್ತದೆ. "ಏನೋ ಕೂಗ್ತಿದೆ, ಮುಂದಕ್ಕೆ ಹೋಗ್ತಿಲ್ಲ" ಅನ್ನಿಸುತ್ತದೆ. ಮೆತ್ತಗೆ ಒತ್ತಿದರೆ ಈ ಗಲಾಟೆ ಇಲ್ಲ.

ಶಿರಾಡಿಯಲ್ಲಿ ಇದು ಹೇಗಿರುತ್ತೆ ಹೇಳುತ್ತೇನೆ. ಕಾಂಕ್ರೀಟ್ ಆದ ಮೇಲೆ ಆ ರಸ್ತೆ ಮೊದಲಿನಂತಿಲ್ಲ, ಆದರೆ ಮಂಗಳೂರಿನಿಂದ ಬರುವ ಗ್ಯಾಸ್ ಟ್ಯಾಂಕರುಗಳು ಅಲ್ಲಿ ಇದ್ದೇ ಇರುತ್ತವೆ. ಗುಂಡ್ಯ ದಾಟಿ ಹತ್ತುವಾಗ ಮುಂದೆ ಒಂದು ಟ್ಯಾಂಕರ್ 15 ಕಿ.ಮೀ. ವೇಗದಲ್ಲಿ ತೆವಳುತ್ತಿದೆ ಅಂದುಕೊಳ್ಳಿ. ಕಾರಿನಲ್ಲಿ ಐದು ಜನ, ಎಸಿ ಹಾಕಿದೆ, ಡಿಕ್ಕಿ ತುಂಬಾ ಸಾಮಾನು. ಎಎಂಟಿ ಇಲ್ಲಿ ಒಂದನೇ ಗೇರಾ ಎರಡನೇ ಗೇರಾ ಅಂತ ಹಿಂದೆಮುಂದೆ ನೋಡುತ್ತದೆ. ಟ್ಯಾಂಕರ್ ದಾಟಲು ಪೂರ್ತಿ ಒತ್ತಿದರೆ ಒಂದು ಗೇರ್ ಇಳಿಸಿ ಹಿಡಿಯಲು ಒಂದು ಕ್ಷಣ ಬೇಕು. ಆ ಕ್ಷಣ ಎದುರಿನಿಂದ ಬಸ್ಸು ಬರುತ್ತಿರುವಾಗ ತುಂಬಾ ಉದ್ದ ಅನ್ನಿಸುತ್ತದೆ. ಹಾಗಾಗಿ ಎಎಂಟಿ ಓಡಿಸುವವರು ಘಾಟಿಯಲ್ಲಿ ಮ್ಯಾನುವಲ್ ಮೋಡಿಗೆ ಹಾಕಿ, ಮೊದಲೇ ಎರಡನೇ ಗೇರಿಗೆ ತಂದುಕೊಂಡು ಆಮೇಲೆ ಓವರ್‌ಟೇಕ್ ಮಾಡಬೇಕು. ನಿಮಗೆ ಇದು ಕಷ್ಟವಲ್ಲ, ಹನ್ನೆರಡು ವರ್ಷದ ಕೈ. ನಿಮ್ಮ ಮನೆಯವರಿಗೆ ಆ ಹೊತ್ತಿನಲ್ಲಿ ಇದನ್ನೆಲ್ಲ ನೆನಪಿಟ್ಟುಕೊಳ್ಳಿ ಅನ್ನುವುದು ತಪ್ಪಾಗುತ್ತೆ. ಸಿವಿಟಿಯಲ್ಲಿ ಸದ್ದು ಬರುತ್ತೆ, ಆದರೆ ಎಳೆತ ಕಡಿಯುವುದಿಲ್ಲ.

ಇಳಿಯುವಾಗ ಇನ್ನೊಂದು ಎಚ್ಚರ, ಇದು ಎರಡಕ್ಕೂ. ಸಕಲೇಶಪುರ ದಾಟಿ ಇಳಿಜಾರು ಶುರುವಾದ ಮೇಲೆ ಗೇರ್ ಲಿವರನ್ನು ಡಿ (ಡ್ರೈವ್) ಯಲ್ಲೇ ಬಿಟ್ಟು ಗುಂಡ್ಯದವರೆಗೂ ಬ್ರೇಕ್ ಒತ್ತಿಕೊಂಡು ಹೋಗಬೇಡಿ. ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಎಎಂಟಿಯನ್ನು ಮ್ಯಾನುವಲ್‌ಗೆ ಹಾಕಿ ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಸಿ. ಸಿವಿಟಿಯನ್ನು ಡಿ ಯಿಂದ ಕೆಳಗಿನ ಹಂತಕ್ಕೆ ಹಾಕಿ, ಎಂಜಿನ್ನೇ ಕಾರನ್ನು ಹಿಡಿಯಲಿ. ಮಾಮೂಲಿ ಗೇರಿನ ಕಾರು ಓಡಿಸಿದವರಿಗೆ ಇದು ರಕ್ತದಲ್ಲೇ ಇರುತ್ತದೆ, ಆಟೋಮ್ಯಾಟಿಕ್‌ಗೆ ಬಂದ ತಕ್ಷಣ ಹೇಗೋ ಮರೆತುಬಿಡುತ್ತಾರೆ.

ಎಂಜಿನ್ ಬಗ್ಗೆ ಚಿಕ್ಕದಾಗಿ. ಡಿಜೈರಿನದು 1.2 ಲೀಟರ್, ಮೂರು ಸಿಲಿಂಡರ್, ಸುಮಾರು 82 ಪಿಎಸ್ (ಹಾರ್ಸ್‌ಪವರ್ ಥರದ ಶಕ್ತಿಯ ಅಳತೆ). ಅಮೇಜಿನದೂ 1.2 ಲೀಟರ್, ನಾಲ್ಕು ಸಿಲಿಂಡರ್, 90 ಪಿಎಸ್. ಮೂರು ಸಿಲಿಂಡರ್ ಎಂಜಿನ್ ಸಿಗ್ನಲ್ಲಿನಲ್ಲಿ ನಿಂತಾಗ ಸಣ್ಣ ನಡುಕ ಕೊಡುತ್ತದೆ, ಸ್ಟಿಯರಿಂಗ್ ಮೇಲೆ ಕೈಯಿಟ್ಟರೆ ಗೊತ್ತಾಗುತ್ತೆ. ಕಾರು ಕೆಟ್ಟಿದೆ ಅಂತ ಅಲ್ಲ, ಅದರ ಸ್ವಭಾವವೇ ಹಾಗೆ. ಅಮೇಜಿನ ಎಂಜಿನ್ ನುಣುಪು, ಆದರೆ ಅದರ ಪೂರ್ತಿ ಶಕ್ತಿ ಸಿಗಲು ಎಂಜಿನ್ ಜೋರಾಗಿ ತಿರುಗಬೇಕು. ಊರೊಳಗಿನ ಪಿಕಪ್ಪಿಗೆ ಡಿಜೈರ್ ಹಗುರ ಅನ್ನಿಸುತ್ತದೆ. ಎರಡೂ ಇ20, ಅಂದರೆ 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಸಿದ್ಧವಾಗಿಯೇ ಬರುತ್ತವೆ, ಆ ಚಿಂತೆ ಬಿಡಿ.

ಇನ್ನು ಮೈಲೇಜ್. ಕಂಪನಿ ಹೇಳುವ ಲೆಕ್ಕದಲ್ಲಿ ಡಿಜೈರ್ ಎಎಂಟಿ ಲೀಟರಿಗೆ 25.71 ಕಿ.ಮೀ., ಅಮೇಜ್ ಸಿವಿಟಿ 19.46. ಅಂತರ ನೋಡಿದರೆ ಎದೆ ಧಸಕ್ ಅನ್ನುತ್ತೆ ಅಲ್ವಾ? ಆದರೆ ಇವು ಪರೀಕ್ಷಾಲಯದ ಅಂಕಿಗಳು. ಎಸಿ ಹಾಕಿಕೊಂಡು, ಹಾಸನದ ಊರೊಳಗೂ ಹೈವೇಯಲ್ಲೂ ಓಡಿಸಿದರೆ ಡಿಜೈರಿಗೆ 18, ಅಮೇಜಿಗೆ 14 ಅಂತ ಇಟ್ಟುಕೊಳ್ಳಿ, ಇದು ನನ್ನ ಅಂದಾಜು. ನಿಮ್ಮ ಓಟ ತಿಂಗಳಿಗೆ 700, ವರ್ಷಕ್ಕೆ 8,400 ಕಿ.ಮೀ. ಡಿಜೈರಿಗೆ ಸುಮಾರು 467 ಲೀಟರ್, ಅಮೇಜಿಗೆ 600 ಲೀಟರ್. ಅಂತರ 133 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೆ ವರ್ಷಕ್ಕೆ 13,700 ರೂಪಾಯಿ, ತಿಂಗಳಿಗೆ ಸಾವಿರದ ನೂರು ಚಿಲ್ಲರೆ. ಇದು ಸುಮ್ನೆ ತಳ್ಳಿಹಾಕುವ ಮೊತ್ತ ಅಂತ ನಾನು ಹೇಳುವುದಿಲ್ಲ, ಮೇಷ್ಟ್ರ ಮನೆಯಲ್ಲಿ ಸಾವಿರದ ನೂರು ಅಂದರೆ ಒಂದು ಮಗುವಿನ ಟ್ಯೂಷನ್ ಫೀಸು. ಆದರೆ ನಿಮ್ಮ ಮನೆಯವರು ತಾವೇ ಕಾರು ಓಡಿಸೋಕೆ ಶುರು ಮಾಡಿದರೆ ತಿಂಗಳಿಗೆ ಎಷ್ಟು ಆಟೋ ಖರ್ಚು ಉಳಿಯುತ್ತೆ, ನೀವು ಎಷ್ಟು ಸಲ ಸ್ಕೂಲಿನಿಂದ ಓಡಿಬರೋದು ತಪ್ಪುತ್ತೆ, ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ನೀವು ತಿಂಗಳಿಗೆ 2,000 ಕಿ.ಮೀ. ಓಡಿಸುವವರಾಗಿದ್ದರೆ ಅಂತರ ವರ್ಷಕ್ಕೆ 39,000 ದಾಟುತ್ತಿತ್ತು, ಆಗ ನಾನು ಕಣ್ಣುಮುಚ್ಚಿ ಡಿಜೈರ್ ಅನ್ನುತ್ತಿದ್ದೆ.

ಸಿಎನ್‌ಜಿ ಕೇಳಿಲ್ಲ, ಆದರೂ ಶೋರೂಂನಲ್ಲಿ ಆಸೆ ತೋರಿಸುತ್ತಾರೆ. ಡಿಜೈರ್ ಸಿಎನ್‌ಜಿ ಕೆ.ಜಿ.ಗೆ 33.73 ಕಿ.ಮೀ. ಅಂತ ಲೆಕ್ಕ, ನಿಜಕ್ಕೂ ಉಳಿತಾಯ ಇದೆ. ಆದರೆ ಸಿಲಿಂಡರ್ ಡಿಕ್ಕಿಯಲ್ಲಿ ಕೂರುತ್ತದೆ, ಶಕ್ತಿ 70 ಪಿಎಸ್‌ಗೆ ಇಳಿಯುತ್ತದೆ, ಆಟೋಮ್ಯಾಟಿಕ್ ಸಿಗುವುದಿಲ್ಲ. ಐದು ಜನ, ಘಾಟಿ, ಪುತ್ತೂರಿನಿಂದ ಬರುವ ಸಾಮಾನು. ನಿಮಗಲ್ಲ.

ಸಾಮಾನು ಅಂದ ಮೇಲೆ ಡಿಕ್ಕಿ. ಅಮೇಜಿನದು 416 ಲೀಟರ್, ಡಿಜೈರಿನದು 382. ಎರಡೂ ನಿಮಗೆ ಸಾಕು, 34 ಲೀಟರಿಗೆ ಜಗಳ ಬೇಡ. ನಿಮ್ಮ ಗೆಳೆಯರಲ್ಲಿ ಯಾರಾದರೂ "ಇದೇ ದುಡ್ಡಿಗೆ ಚಿಕ್ಕ ಎಸ್‌ಯುವಿ ತಗೋ" ಅಂತ ಖಂಡಿತ ಹೇಳಿರುತ್ತಾರೆ. ಅದರಲ್ಲಿ ಸೀಟು ಎತ್ತರ, ಅಮ್ಮನಿಗೆ ಒಳ್ಳೆಯದು, ಒಪ್ಪುತ್ತೇನೆ. ಶೋರೂಂನಲ್ಲಿ ಎರಡೂ ಸೆಡಾನ್‌ಗಳಿಂದ ಏಳೋಕೆ ಅಮ್ಮನಿಗೆ ಆಗಲೇ ಇಲ್ಲ ಅಂದರೆ ಈ ಉತ್ತರ ಪೂರ್ತಿ ಪಕ್ಕಕ್ಕಿಟ್ಟು ಎತ್ತರದ ಕಾರೇ ನೋಡಿ, ನನಗೇನೂ ಬೇಜಾರಿಲ್ಲ. ಆದರೆ ಸೆಡಾನಿನ ಡಿಕ್ಕಿಗೆ ಒಂದು ಗುಣ ಇದೆ, ಅದು ಒಳಗಿನ ಗಾಳಿಯಿಂದ ಬೇರೆ. ಮೇ ತಿಂಗಳಲ್ಲಿ ಅತ್ತೆ ಮನೆಯಿಂದ ಎರಡು ಹಣ್ಣಾದ ಹಲಸು, ಒಣಮೀನಿನ ಕಟ್ಟು, ಒಂದು ಚೀಲ ತೆಂಗಿನಕಾಯಿ ಹಾಕಿಕೊಂಡು ನಾಲ್ಕು ಗಂಟೆ ಬಂದು ನೋಡಿ. ಹಿಂದೆ ತೆರೆದ ಡಿಕ್ಕಿಯ ಕಾರಾದರೆ ಸಕಲೇಶಪುರ ಬರುವಷ್ಟರಲ್ಲಿ ಮಕ್ಕಳು ಕಿಟಕಿ ಇಳಿಸಿ ಕೂತಿರುತ್ತವೆ.

ನೆಲದಿಂದ ಎತ್ತರ: ಅಮೇಜ್ 172 ಮಿ.ಮೀ., ಡಿಜೈರ್ 163. ಒಂಬತ್ತು ಮಿ.ಮೀ. ಕಾಗದದ ಮೇಲೆ ಏನೂ ಅಲ್ಲ. ಆದರೆ ನಮ್ಮ ಊರುಗಳ ಹಂಪುಗಳಿಗೆ ಲೆಕ್ಕಾಚಾರ ಇಲ್ಲ ಅಂತ ನಿಮಗೇ ಗೊತ್ತು, ಅದರಲ್ಲೂ ಐದು ಜನ ಕೂತಾಗ ಕಾರಿನ ಹಿಂಭಾಗ ಇನ್ನಷ್ಟು ಕುಗ್ಗುತ್ತದೆ. ಹಾಗಾಗಿ ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಐದೂ ಜನ ಕೂತು, ನಿಮ್ಮ ಮನೆ ಹತ್ತಿರ ಯಾವ ಹಂಪಿನಲ್ಲಿ ಹಳೇ ಕಾರಿನ ಹೊಟ್ಟೆ ಉಜ್ಜುತ್ತಿತ್ತೋ ಅದೇ ಹಂಪಿನ ಮೇಲೆ ಹತ್ತಿಸಿ. ಅಡ್ಡಡ್ಡ ಹತ್ತಿಸಬೇಡಿ, ನೇರಕ್ಕೆ ಹತ್ತಿಸಿ ಕೇಳಿಸಿಕೊಳ್ಳಿ. ಅರ್ಧ ಗಂಟೆ ಕೇಳಿ ತಗೊಳ್ಳಿ, ಶೋರೂಮಿನ ಸುತ್ತ ಹತ್ತು ನಿಮಿಷದ ರೌಂಡಿನಲ್ಲಿ ಏನೂ ಗೊತ್ತಾಗಲ್ಲ. ಓಡಿಸುವುದು ನಿಮ್ಮ ಮನೆಯವರು, ನೀವಲ್ಲ. ಅವರು ಸ್ಟಿಯರಿಂಗ್ ಹಿಡಿದು ಹದಿನೈದು ನಿಮಿಷ ಆದ ಮೇಲೆ ಭುಜ ಇಳಿಬಿಟ್ಟು ಆರಾಮಾಗಿ ಕೂತರಾ, ಇಲ್ಲ ಇನ್ನೂ ಮುಂದಕ್ಕೆ ಬಾಗಿಯೇ ಇದ್ದಾರಾ, ಪಕ್ಕದಲ್ಲಿ ಕೂತು ಅದನ್ನು ಮಾತ್ರ ಗಮನಿಸಿ. ದಯವಿಟ್ಟು ಆ ಹದಿನೈದು ನಿಮಿಷ ಏನೂ ಹೇಳಿಕೊಡಬೇಡಿ.

ಸುರಕ್ಷತೆಯಲ್ಲಿ ಈಗ ಎರಡೂ ಚೆನ್ನಾಗಿವೆ, ಇದು ಸಂತೋಷದ ವಿಷಯ. 2024ರ ನವೆಂಬರಿನಲ್ಲಿ ಬಂದ ಈಗಿನ ಡಿಜೈರಿಗೆ, ಕಾರನ್ನು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ 5 ಸ್ಟಾರ್ ಬಂತು, ಮಾರುತಿ ಕಾರೊಂದಕ್ಕೆ ಅಲ್ಲಿ 5 ಸ್ಟಾರ್ ಸಿಕ್ಕಿದ್ದು ಅದೇ ಮೊದಲು. ಅದೇ ವರ್ಷ ಡಿಸೆಂಬರಿನಲ್ಲಿ ಬಂದ ಈಗಿನ ಅಮೇಜಿಗೂ ನಮ್ಮ ದೇಶದ ಅದೇ ಥರದ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ರಕ್ಷಣೆಗೆ 5 ಸ್ಟಾರ್ ಇದೆ. ಆರು ಏರ್‌ಬ್ಯಾಗ್, ಕಾರು ಜಾರದಂತೆ ಹಿಡಿಯುವ ವ್ಯವಸ್ಥೆ, ಏರಿನಲ್ಲಿ ಹಿಂದಕ್ಕೆ ಸರಿಯದಂತೆ ತಡೆಯುವ ಹಿಲ್ ಹೋಲ್ಡ್ ಎರಡರ ಕಡಿಮೆ ಬೆಲೆಯ ವೇರಿಯಂಟಿನಲ್ಲೂ ಇವೆ. ಮಳೆಗಾಲದ ಶಿರಾಡಿಗೆ ಇವು ಬೇಕೇ ಬೇಕು. ಒಂದು ಎಚ್ಚರ ಮಾತ್ರ. ಹೊಸ ಅಮೇಜ್ ಬಂದ ಮೇಲೂ ಹಿಂದಿನ ತಲೆಮಾರಿನ ಅಮೇಜನ್ನು "ಎಸ್" ಅನ್ನುವ ವೇರಿಯಂಟಾಗಿ ಕಡಿಮೆ ಬೆಲೆಗೆ ಮಾರುತ್ತಿದ್ದರು. ಅದೇ ಹಿಂದಿನ ತಲೆಮಾರಿಗೆ 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ರಕ್ಷಣೆಗೆ 2 ಸ್ಟಾರ್, ಮಕ್ಕಳ ರಕ್ಷಣೆಗೆ ಸೊನ್ನೆ ಬಂದಿತ್ತು. ಯಾರಾದರೂ "ಒಳ್ಳೇ ಡಿಸ್ಕೌಂಟ್ ಇದೆ ಸಾರ್" ಅಂತ ಹಳೇದನ್ನು ತೋರಿಸಿದರೆ ಅಲ್ಲಿಂದ ಎದ್ದುಬನ್ನಿ.

ಈಗ ದುಡ್ಡು. ನಮ್ಮ ರಾಜ್ಯದಲ್ಲಿ ಜೀವಾವಧಿ ರಸ್ತೆ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಸಾಲಿನಲ್ಲಿದೆ. 5ರಿಂದ 10 ಲಕ್ಷದ ಕಾರಿಗೆ 14 ಪರ್ಸೆಂಟ್, 10 ಲಕ್ಷ ದಾಟಿದರೆ 17, ಅದರ ಮೇಲೆ ಸೆಸ್ ಬೇರೆ. ಶೋರೂಂ ಬೆಲೆ 9 ಲಕ್ಷ ಅಂದರೆ ತೆರಿಗೆ ಸೆಸ್ ಸೇರಿ ಸುಮಾರು 1 ಲಕ್ಷ 40 ಸಾವಿರ, ಇನ್ಶೂರೆನ್ಸ್ 40 ಸಾವಿರದ ಆಸುಪಾಸು, ಚಿಲ್ಲರೆ ಖರ್ಚು ಸೇರಿ 10 ಲಕ್ಷ 80-90 ಸಾವಿರ ಆಗುತ್ತೆ. ಹಾಗಾಗಿ ನಿಮ್ಮ 11 ಲಕ್ಷ ಅಂದರೆ ಶೋರೂಂ ಬೆಲೆ 9 ಲಕ್ಷದ ಕಾರು, ಈ ಅಂಕಿ ತಲೆಯಲ್ಲಿರಲಿ. ಅದರೊಳಗೆ ಅಮೇಜಿನ ಕೆಳಗಿನ ಅಥವಾ ಮಧ್ಯದ ವೇರಿಯಂಟ್ ಸಿವಿಟಿ ನೋಡಬೇಕು, ಡಿಜೈರಾದರೆ ಮೇಲಿನ ವೇರಿಯಂಟ್ ಹತ್ತಿರಕ್ಕೇ ಹೋಗಬಹುದು. ಡಿಜೈರಿನ ತುದಿಯ ವೇರಿಯಂಟಿನ ಸನ್‌ರೂಫಿಗೋ, ಅಮೇಜಿನ ತುದಿಯ ವೇರಿಯಂಟಿನಲ್ಲಿರುವ ಕ್ಯಾಮೆರಾ ನೋಡಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆಗೋ ಆಸೆಪಟ್ಟು ಬಜೆಟ್ ಮೀರಬೇಡಿ. ಎರಡನೆಯದು ನಿಜಕ್ಕೂ ಉಪಯೋಗದ್ದು, ಆದರೆ ಸಾಲ ಏರಿಸಿಕೊಂಡು ತಗೊಳ್ಳುವಷ್ಟಲ್ಲ. ಅದರ ಬದಲು ಹಿಂದೆ ಕೂತವರಿಗೆ ಎಸಿ ಗಾಳಿ ಬರುವ ವೇರಿಯಂಟ್ ಹುಡುಕಿ. ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ದಾಟುವಾಗ ಅದರ ಬೆಲೆ ತಿಳಿಯುತ್ತೆ.

ಕೊಟೇಶನ್‌ನಲ್ಲಿ "ಹ್ಯಾಂಡ್ಲಿಂಗ್ ಚಾರ್ಜ್" ಅಂತ ಬರೆದಿದ್ದರೆ ಹೊಡೆದುಹಾಕಿಸಿ, ಅದನ್ನು ಕಟ್ಟಬೇಕಾಗಿಲ್ಲ. ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕು ಅಂತಲೂ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಉಳಿದಿದ್ದನ್ನು ಹೊರಗೆ ಎರಡು ಕಡೆ ಕೇಳಿ ಆ ಕಾಗದ ತೋರಿಸಿದರೆ ಶೋರೂಂನವರೇ ಇಳಿಸುತ್ತಾರೆ. ಝೀರೋ ಡೆಪ್ (ಪಾರ್ಟು ಹಳೇದಾಯಿತು ಅಂತ ಕ್ಲೇಮಿನಲ್ಲಿ ದುಡ್ಡು ಕಡಿಯದ ಇನ್ಶೂರೆನ್ಸ್) ಮಾತ್ರ ಬಿಡಬೇಡಿ, ಹೊಸದಾಗಿ ಓಡಿಸುವವರು ಮನೆಯಲ್ಲಿದ್ದಾರೆ. ಗೇಟಿಗೆ ಒಂದೆರಡು ಸಲ ತಾಗಿಯೇ ತಾಗುತ್ತೆ, ಆಗ ಮನೆಯಲ್ಲಿ ಯಾರೂ ಬೈಯುವ ಪ್ರಸಂಗ ಬರಬಾರದು.

ಸರ್ವಿಸ್ ವಿಷಯದಲ್ಲಿ ಮಾರುತಿ ಮುಂದೆ, ಅದರಲ್ಲಿ ಎರಡು ಮಾತಿಲ್ಲ. ತಾಲೂಕು ಮಟ್ಟದಲ್ಲೂ ಅದರ ಕೆಲಸ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾರೆ, ಪಾರ್ಟ್ಸ್ ಅಂದೇ ಸಿಗುತ್ತವೆ. ಹೋಂಡಾ ತೆಗೆದುಕೊಳ್ಳುವುದಾದರೆ ನಿಮ್ಮ ಮನೆಯಿಂದ ಅದರ ಸರ್ವಿಸ್ ಸೆಂಟರ್ ಎಷ್ಟು ದೂರ, ಪುತ್ತೂರಿನ ದಾರಿಯಲ್ಲಿ ಎಲ್ಲಿದೆ ಅಂತ ಮೊದಲೇ ಹೋಗಿ ನೋಡಿಬನ್ನಿ. ವಾರಂಟಿಯಲ್ಲಿ ಹೋಂಡಾ 3 ವರ್ಷ ಕಿ.ಮೀ. ಮಿತಿಯಿಲ್ಲದೆ ಕೊಡುತ್ತದೆ, ಮಾರುತಿ 3 ವರ್ಷ ಅಥವಾ 1 ಲಕ್ಷ ಕಿ.ಮೀ. ನೀವು ಮೂರು ವರ್ಷಕ್ಕೆ ಓಡಿಸುವುದು 25 ಸಾವಿರ, ಆದ್ದರಿಂದ ಅದರಲ್ಲಿ ವ್ಯತ್ಯಾಸ ಇಲ್ಲ. ಆದರೆ ಸಿವಿಟಿ ತಗೊಂಡರೆ ದುಡ್ಡು ಕೊಟ್ಟು ವಾರಂಟಿ ಮುಂದುವರಿಸಿ. ಸಿವಿಟಿ ಸುಲಭಕ್ಕೆ ಕೆಡುವುದಿಲ್ಲ, ಕೆಟ್ಟರೆ ಬೀದಿಬದಿಯ ಗ್ಯಾರೇಜಿನಲ್ಲಿ ಆಗುವ ಕೆಲಸ ಅಲ್ಲ. ಅದರ ಆಯಿಲ್ ಹೇಳಿದ ಹೊತ್ತಿಗೆ ಬದಲಿಸಿ, ಕಂಪನಿ ಹೇಳಿದ ಆಯಿಲ್ಲನ್ನೇ ಹಾಕಿಸಿ.

ಟ್ಯಾಕ್ಸಿ ಅನ್ನುವ ಮಾತಿಗೆ ಬರುತ್ತೇನೆ. ಡಿಜೈರನ್ನು ಟೂರ್ ಎಸ್ ಹೆಸರಿನಲ್ಲಿ ಟ್ಯಾಕ್ಸಿಯವರಿಗಾಗಿಯೇ ಬೇರೆ ಮಾಡಿ ಮಾರುತ್ತಾರೆ, ರಸ್ತೆಯಲ್ಲಿ ಹಳದಿ ಬೋರ್ಡಿನ ಡಿಜೈರ್ ಎಲ್ಲೆಲ್ಲೂ ಕಾಣುತ್ತೆ, ಅದು ನಿಜ. ಆದರೆ ಯೋಚನೆ ಮಾಡಿ, ದಿನಕ್ಕೆ 300 ಕಿ.ಮೀ. ಓಡಿಸಿ ಅದರಲ್ಲೇ ಮನೆ ನಡೆಸುವವರು ಈ ಕಾರನ್ನೇ ಮತ್ತೆ ಮತ್ತೆ ತಗೊಳ್ಳುತ್ತಾರೆ ಅಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಏನು ಬೇಕು? ಈ ಒಂದು ಮಾತಿಗೋಸ್ಕರ ಡಿಜೈರ್ ಬಿಡಬೇಡಿ. ತೀರಾ ಮನಸ್ಸಿಗೆ ಬಂದರೆ ಬಿಳಿ ಬಣ್ಣ ಬಿಟ್ಟು ಬೇರೆ ಬಣ್ಣ ತಗೊಳ್ಳಿ.

ಇಷ್ಟೆಲ್ಲ ಆದ ಮೇಲೆ ನನ್ನ ಮಾತು. ಓಡಿಸುವುದು ನೀವೊಬ್ಬರೇ ಅಂತಾಗಿದ್ದರೆ ಡಿಜೈರ್ ಮಾಮೂಲಿ ಗೇರಿನದು ತಗೊಳ್ಳಿ, ದುಡ್ಡೂ ಉಳಿಯುತ್ತೆ, ಪೆಟ್ರೋಲೂ ಉಳಿಯುತ್ತೆ ಅಂತ ಎರಡೇ ಸಾಲಿನಲ್ಲಿ ಮುಗಿಸುತ್ತಿದ್ದೆ. ಆದರೆ ನಿಮ್ಮ ಮನೆಯಲ್ಲಿ ಲೈಸೆನ್ಸ್ ಇಟ್ಟುಕೊಂಡು ಕಾರು ಮುಟ್ಟದೆ ಇರುವ ಒಬ್ಬರು ಇದ್ದಾರೆ. ಅಮ್ಮನಿಗೆ ರಾತ್ರಿ ಹುಷಾರಿಲ್ಲದೆ ಆದಾಗ ನೀವು ಪರೀಕ್ಷಾ ಡ್ಯೂಟಿಗೆ ಬೇರೆ ಊರಿನಲ್ಲಿದ್ದರೆ ಕಾರು ಗೇಟಿನೊಳಗೇ ನಿಂತಿರುತ್ತೆ. ಅದಕ್ಕೇ ಅಮೇಜ್ ಸಿವಿಟಿ ಅನ್ನುತ್ತೇನೆ, ತಿಂಗಳ ಆ ಸಾವಿರದ ನೂರು ರೂಪಾಯಿ ಸೇರಿಸಿಯೇ ಹೇಳುತ್ತಿದ್ದೇನೆ. ಟೆಸ್ಟ್ ಡ್ರೈವ್‌ನಲ್ಲಿ ನಿಮ್ಮ ಮನೆಯವರಿಗೆ ಡಿಜೈರ್ ಎಎಂಟಿಯೇ ಕೈಗೆ ಒಗ್ಗಿತು, ಆ ಜಗ್ಗಾಟ ಅವರಿಗೆ ಏನೂ ಅನ್ನಿಸಲಿಲ್ಲ ಅಂದರೆ, ಅಮ್ಮನಿಗೂ ಅದರಲ್ಲೇ ಏಳೋಕೆ ಸುಲಭ ಆದರೆ, ಅದನ್ನೇ ತಗೊಳ್ಳಿ, ನನ್ನ ಮಾತಿಗಿಂತ ಆ ಇಬ್ಬರ ಮಾತು ದೊಡ್ಡದು.

ಡೆಲಿವರಿಗೆ ಮುಂಚೆ ಒಂದು ಕೆಲಸ ಮಾಡಿ. ದುಡ್ಡು ಪೂರ್ತಿ ಕಟ್ಟುವ ಮುಂಚೆ, ರಿಜಿಸ್ಟ್ರೇಶನ್‌ಗೆ ಕಳಿಸುವ ಮುಂಚೆ, ಹಗಲು ಬೆಳಕಿನಲ್ಲಿ ಕಾರು ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯ ಎರಡು ವರ್ಷ. ಉದಾಹರಣೆಗೆ 3225 ಅಂದರೆ 2025ರ 32ನೇ ವಾರ. ನಾಲ್ಕೂ ಟೈರು ನೋಡಿ, ಸ್ಟೆಪ್ನಿಯನ್ನೂ ಹೊರಗೆ ತೆಗೆಸಿ ನೋಡಿ. ಅಂಕಿ ತುಂಬಾ ಹಳೆಯದಾಗಿದ್ದರೆ ಕಾರು ಎಷ್ಟು ತಿಂಗಳು ಯಾರ್ಡಿನಲ್ಲಿ ಬಿಸಿಲು ಮಳೆಗೆ ನಿಂತಿತ್ತು ಅಂತ ಕೇಳಿ, ಬೇರೆ ಕಾರು ಕೊಡಿ ಅನ್ನಿ. ಮೊದಲ ಸಲ ಮನೆಗೆ ತರುವಾಗ ಸ್ಟಿಯರಿಂಗ್ ನಿಮ್ಮ ಮನೆಯವರ ಕೈಗೆ ಕೊಡಿ, ಅಮ್ಮ ಮುಂದಿನ ಸೀಟಿನಲ್ಲಿ ಕೂರಲಿ, ನೀವು ಮಕ್ಕಳ ಜೊತೆ ಹಿಂದೆ ಕೂತುಕೊಳ್ಳಿ.